ಒಪಿಯಾಯ್ಡ್ ಚಟಕ್ಕೆ ಚಿಕಿತ್ಸೆಯಲ್ಲಿರುವ ಗರ್ಭಿಣಿ: ದಿನ ತುಂಬುವ ಮೊದಲೇ ಹೆರಿಗೆ ಆಗುತ್ತೆ ಅಂತ ಔಷಧಿ ನಿಲ್ಲಿಸಬೇಕಾ?

ಸಂಪಿಗೆ
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಈಗ 27ನೇ ವಾರ. ಬೆನ್ನುನೋವಿಗೆ ಅಂತ ಶುರುವಾದ ಒಪಿಯಾಯ್ಡ್ (ಅಫೀಮಿನ ಜಾತಿಯ ನೋವಿನ ಔಷಧಿ) ಮಾತ್ರೆ ಬರಬರುತ್ತಾ ಬಿಡಲಾಗದ ಚಟ ಆಯಿತು. ಈಗ ಆ ಚಟಕ್ಕೆ ಕೊಡುವ ಮೆಥಡೋನ್ ಔಷಧಿಯ ಚಿಕಿತ್ಸೆಯಲ್ಲಿದ್ದಾಳೆ. ಬಸುರಿಯಾಗುವ ಮೊದಲಿಂದಲೂ ತಪ್ಪದೆ ತಗೊಳ್ಳುತ್ತಿದ್ದಾಳೆ. ಬೇರೆ ಏನನ್ನೂ ಮುಟ್ಟಿಲ್ಲ.

ಮನೆಯವರೊಬ್ಬರು ಎಲ್ಲೋ ಓದಿಕೊಂಡು ಬಂದರು. ಮೆಥಡೋನ್ ತಗೊಳ್ಳುವ ಗರ್ಭಿಣಿಯರಲ್ಲಿ ನಾಲ್ವರಲ್ಲಿ ಒಬ್ಬರಿಗೆ ದಿನ ತುಂಬುವ ಮೊದಲೇ ಹೆರಿಗೆ ಆಗುತ್ತದಂತೆ. ಅವತ್ತಿನಿಂದ ಒಂದೇ ಮಾತು: "ಹೆರಿಗೆ ಆಗುವ ತನಕ ನಿಲ್ಲಿಸು, ಆಮೇಲೆ ಬೇಕಾದರೆ ತಗೋ." ಅವಳು ಅಳುತ್ತಾಳೆ. ಡೋಸ್ ಕಡಿಮೆ ಮಾಡಿ ಅಂತ ಕ್ಲಿನಿಕ್‌ನಲ್ಲಿ ಕೇಳಲಾ ಅಂತಾಳೆ.

ಇನ್ನೊಂದು ವಿಷಯ. ಈಚೆಗೆ ಬೆಳಗಿನ ಜಾವ ಬೆವರಿ ಎದ್ದು ಕೂರುತ್ತಾಳೆ. ಒಂದರ ಹಿಂದೆ ಒಂದು ಆಕಳಿಕೆ. ಕೈಮೇಲಿನ ಕೂದಲೆಲ್ಲ ನಿಮಿರಿ ನಿಂತಿರುತ್ತದೆ. ಕಾಲು ಒಂದು ಕಡೆ ಇಡಲು ಆಗುವುದಿಲ್ಲ. ಬಸುರಿ ಅಂದಮೇಲೆ ಇದೆಲ್ಲ ಇದ್ದದ್ದೇ ಅಂದುಕೊಂಡಿದ್ದೇವೆ. ಗೊತ್ತಿರುವವರು ದಯವಿಟ್ಟು ಹೇಳಿ.

ನೇರಮಾತು
ಸಂಪಿಗೆಯವರೇ, ಕಠಿಣ ಅನ್ನಿಸಿದರೂ ಹೇಳುತ್ತೇನೆ. ಮೆಥಡೋನ್ ಕೂಡ ಒಪಿಯಾಯ್ಡೇ. ಒಂದು ಬಿಟ್ಟು ಇನ್ನೊಂದು ಹಿಡಿದಂತೆ ಆಯಿತು ಅಷ್ಟೆ. ಮಗುವಿಗೆ ಇದರಲ್ಲಿ ಏನು ಪಾಲು? ಇನ್ನು ಎರಡು ಮೂರು ತಿಂಗಳು ತಾಳಿಕೊಂಡರೆ ಮಗು ಉಳಿಯುತ್ತದೆ ಅಂದರೆ ತಾಳಿಕೊಳ್ಳಲೇಬೇಕು.

ಹೆರಿಗೆವಾರ್ಡ್
ಬೇಡ. ಬೇಡ. ನಿಲ್ಲಿಸಬೇಡಿ. ಈಗ ಪಾಳಿಯಲ್ಲಿದ್ದೇನೆ, ರಾತ್ರಿ ವಿವರವಾಗಿ ಬರೆಯುತ್ತೇನೆ. ಅಲ್ಲಿಯ ತನಕ ತಂಗಿ ಡೋಸ್ ತಪ್ಪಿಸದಂತೆ ನೋಡಿಕೊಳ್ಳಿ ಅಕ್ಕಾ.

ಮಂಜುಹನಿ
ಆ ಬೆವರು, ಆಕಳಿಕೆ ಬಸುರಿನದ್ದಲ್ಲ ಅನ್ನಿಸುತ್ತೆ. ವಿತ್‌ಡ್ರಾವಲ್ (ಅಭ್ಯಾಸವಾದ ಔಷಧಿ ಸಾಲದೆ ದೇಹ ಒದ್ದಾಡುವುದು) ಇರಬಹುದು. ಬೇಗ ಡಾಕ್ಟರಿಗೆ ಹೇಳಿ.

ಲೆಕ್ಕಿಗ
ಆ "ನಾಲ್ವರಲ್ಲಿ ಒಬ್ಬರು" ಎಲ್ಲಿಂದ ಬಂತು ಅಂತ ಹೇಳುತ್ತೇನೆ. 2022ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಅಮೆರಿಕದಲ್ಲಿ ಬಡವರಿಗಾಗಿ ಇರುವ ಸರ್ಕಾರಿ ಮೆಡಿಕೇಡ್ ವಿಮೆಯ 2000ದಿಂದ 2018ರವರೆಗಿನ ದಾಖಲೆ ತೆಗೆದು ನೋಡಿದರು. ಬಸುರಿನ ಆರಂಭದ ಹಂತದಲ್ಲಿ ಮೆಥಡೋನ್ ತಗೊಂಡವರಲ್ಲಿ 24.9% ಹೆರಿಗೆ ದಿನ ತುಂಬುವ ಮೊದಲು ಆಗಿತ್ತು. ಇದೇ ಚಟಕ್ಕೆ ಕೊಡುವ ಇನ್ನೊಂದು ಔಷಧಿ ಬ್ಯುಪ್ರೆನಾರ್ಫಿನ್ ತಗೊಂಡವರಲ್ಲಿ 14.4%.

ಗಮನಿಸಿ. ಅಲ್ಲಿ ಹೋಲಿಸಿದ್ದು ಎರಡು ಔಷಧಿಗಳನ್ನು. "ಔಷಧಿ ತಗೊಂಡವರು" ಮತ್ತು "ಔಷಧಿ ನಿಲ್ಲಿಸಿದವರು" ಅಂತ ಹೋಲಿಸಿಲ್ಲ. ಆ ಸಂಖ್ಯೆ ಹಿಡಿದು "ನಿಲ್ಲಿಸಿದರೆ ಅಪಾಯ ಕಡಿಮೆ" ಅನ್ನಲು ಬರುವುದಿಲ್ಲ. ಆ ಪ್ರಶ್ನೆಯನ್ನು ಅವರು ಕೇಳಿಯೇ ಇಲ್ಲ.

ನೇರಮಾತು
ಸರಿ, ಆದರೂ 14% ಕೂಡ ಜಾಸ್ತಿಯೇ ಅಲ್ವಾ? ಚಟ ಇಲ್ಲದವರಲ್ಲಿ ಎಷ್ಟು?

ಲೆಕ್ಕಿಗ
ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿವೆ. ಅಂದರೆ ಹತ್ತರಲ್ಲಿ ಒಂದು. ಅದು ಎಲ್ಲ ತಾಯಂದಿರ ಲೆಕ್ಕ. ಚಿಕಿತ್ಸೆಯಲ್ಲಿರುವವರಲ್ಲಿ ಜಾಸ್ತಿ, ನಿಜ. ಆದರೆ ಆ ಹೆಚ್ಚಳವೆಲ್ಲ ಔಷಧಿಯಿಂದಲೇ ಅನ್ನಲು ಆಗುವುದಿಲ್ಲ. ಇಂಥ ಅಧ್ಯಯನಗಳಲ್ಲಿ ಇರುವ ಹೆಂಗಸರಲ್ಲಿ ಬಹುಪಾಲು ಜನ ಸಿಗರೇಟು ಸೇದುವವರು. ಕೆಲವರಿಗೆ ಹೆಪಟೈಟಿಸ್ ಸಿ ಅನ್ನುವ ಲಿವರ್ ಸೋಂಕು. ಕೆಲವರು ನಿದ್ದೆ ಮಾತ್ರೆಯನ್ನೂ ತಗೊಳ್ಳುತ್ತಾರೆ. ಸರಿಯಾದ ಊಟ ಇಲ್ಲ, ತಪಾಸಣೆಗೆ ತಡವಾಗಿ ಬರುತ್ತಾರೆ. ಇದೆಲ್ಲ ಒಂದರೊಳಗೊಂದು ಸೇರಿಕೊಂಡಿದೆ.

ಪುಟ್ಟಿಯಅಮ್ಮ
ನಾನೇ ಚಿಕಿತ್ಸೆಯಲ್ಲಿದ್ದು ಹೆತ್ತವಳು. ಬ್ಯುಪ್ರೆನಾರ್ಫಿನ್, ನಾಲಿಗೆ ಕೆಳಗೆ ಇಡುವ ಮಾತ್ರೆ. ಮಗಳು 35ನೇ ವಾರದಲ್ಲಿ ಹುಟ್ಟಿದಳು. ಈಗ ಓಡಾಡಿಕೊಂಡಿದ್ದಾಳೆ, ಅವಳ ಬಾಯಿಗೆ ನಾನು ಎದುರಾಡಲು ಆಗುವುದಿಲ್ಲ.

ಸಂಪಿಗೆ ಅಕ್ಕಾ, ನಿಮ್ಮ ತಂಗಿಗೆ ಇದನ್ನು ಓದಿ ಹೇಳಿ. ನಾನು ಮೊದಲ ಬಸುರಿನಲ್ಲಿ ಎಲ್ಲರ ಮಾತು ಕೇಳಿ ಔಷಧಿ ಬಿಟ್ಟೆ. ಗಟ್ಟಿಯಾಗಿ ಹಲ್ಲು ಕಚ್ಚಿಕೊಂಡು ಇದ್ದೆ. ಆಮೇಲೆ ಒಂದು ದಿನ ಹಳೇ ಮಾತ್ರೆ ಕೈಗೆ ಸಿಕ್ಕಿತು. ಮೊದಲು ತಗೊಳ್ಳುತ್ತಿದ್ದಷ್ಟೇ ತಗೊಂಡೆ. ದೇಹಕ್ಕೆ ಆ ಅಭ್ಯಾಸ ತಪ್ಪಿಹೋಗಿತ್ತು, ಉಸಿರು ನಿಲ್ಲುವ ಹಂತಕ್ಕೆ ಹೋಯಿತು. ಆ ಮಗು ಉಳಿಯಲಿಲ್ಲ. ನಿಲ್ಲಿಸು ಅಂದವರು ಯಾರೂ ಕೆಟ್ಟವರಲ್ಲ. ಎಲ್ಲರೂ ಮಗುವಿಗಾಗಿಯೇ ಹೇಳಿದ್ದು.

ಮಂಜುಹನಿ
ಪುಟ್ಟಿಯಅಮ್ಮ, ಇದನ್ನು ಇಲ್ಲಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಹೆರಿಗೆವಾರ್ಡ್
ಪಾಳಿ ಮುಗಿಯಿತು. ಈಗ ಬರೆಯುತ್ತೇನೆ. ನೇರಮಾತು ಅವರೇ, ಇದು ನಿಮಗೂ.

ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಗರ್ಭಿಣಿಯರಿಗಾಗಿಯೇ ಮಾರ್ಗಸೂಚಿ ತಂದಿದೆ. ಒಪಿಯಾಯ್ಡ್ ಚಟ ಇರುವ ಗರ್ಭಿಣಿಗೆ ಡಿಟಾಕ್ಸ್ (ಔಷಧಿಯನ್ನು ಪೂರ್ತಿ ಬಿಡಿಸುವುದು) ಬದಲು ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಮುಂದುವರಿಸಿ ಅಂತಲೇ ಅದರಲ್ಲಿ ಇರುವುದು. ಅಮೆರಿಕದ ಪ್ರಸೂತಿ ತಜ್ಞರ ಸಂಘವೂ 2017ರಲ್ಲಿ ಅದನ್ನೇ ಹೇಳಿದೆ.

ಯಾಕೆ ಅಂದರೆ, ಬೀದಿಯ ಹೆರಾಯಿನ್ ಅಥವಾ ಬೇಗ ಇಳಿಯುವ ಮಾತ್ರೆ ತಗೊಳ್ಳುವವಳ ರಕ್ತದಲ್ಲಿ ದಿನಕ್ಕೆ ಹಲವು ಸಲ ಏರುತ್ತೆ, ಇಳಿಯುತ್ತೆ. ಇಳಿದಾಗೆಲ್ಲ ವಿತ್‌ಡ್ರಾವಲ್. ಆಗ ಗರ್ಭಕೋಶ ಬಿಗಿಯುತ್ತದೆ, ಒಳಗಿನ ಮಗುವಿಗೂ ತಳಮಳ. ಮೆಥಡೋನ್ ದೇಹದಲ್ಲಿ ತುಂಬಾ ಹೊತ್ತು ಇರುತ್ತೆ. ಆ ಏರಿಳಿತ ನಿಲ್ಲುತ್ತೆ. ಒಂದು ಬಿಟ್ಟು ಇನ್ನೊಂದು ಹಿಡಿದಂತೆ ಅಂದಿರಲ್ಲ, ವ್ಯತ್ಯಾಸ ಇರುವುದೇ ಅಲ್ಲಿ. ತಾಯಿ ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ, ತಪಾಸಣೆಗೆ ಬರುತ್ತಾಳೆ. ಮಗುವಿಗೆ ಇವು ಸಣ್ಣ ವಿಷಯ ಅಲ್ಲ.

ಡಿಟಾಕ್ಸ್ ಮಾಡಿಸಿದರೆ ಹೊಟ್ಟೆಯಲ್ಲೇ ಮಗು ಸಾಯುತ್ತದೆ ಅಂತ ಹಿಂದೆ ಹೆದರಿಸುತ್ತಿದ್ದರು. ಈಚಿನ ಅಧ್ಯಯನಗಳಲ್ಲಿ ಆ ಭಯಕ್ಕೆ ಅಷ್ಟು ಗಟ್ಟಿ ಆಧಾರ ಕಂಡಿಲ್ಲ. ಆದರೆ ಔಷಧಿ ಬಿಟ್ಟವರಲ್ಲಿ ತುಂಬಾ ಜನ ಮತ್ತೆ ಹಳೇದಕ್ಕೆ ಹೋಗುತ್ತಾರೆ. ಪುಟ್ಟಿಯಅಮ್ಮ ಬರೆದಿದ್ದು ಅದನ್ನೇ.

ನೇರಮಾತು
ಓದಿದೆ. ಪುಟ್ಟಿಯಅಮ್ಮ ಬರೆದದ್ದು ಓದಿ ಮನಸ್ಸು ಭಾರ ಆಯಿತು. ಒಂದು ಪ್ರಶ್ನೆ ಕೇಳುತ್ತೇನೆ. ಪೂರ್ತಿ ನಿಲ್ಲಿಸುವುದು ಬೇಡ, ಸರಿ. ಡೋಸ್ ಆದರೂ ಇಳಿಸಬಹುದಲ್ಲ? ಕಡಿಮೆ ಔಷಧಿ ಒಳಗೆ ಹೋದರೆ ಮಗುವಿಗೆ ಹುಟ್ಟಿದ ಮೇಲೆ ಕಷ್ಟ ಕಡಿಮೆ ಆಗಬೇಕಲ್ಲ?

ಔಷಧಿಡಬ್ಬಿ
ಫಾರ್ಮಸಿಸ್ಟ್ ಆಗಿ ಹೇಳುತ್ತೇನೆ, ತುಂಬಾ ಜನ ಇದನ್ನೇ ಕೇಳುತ್ತಾರೆ. ತಾಯಿಯ ಮೆಥಡೋನ್ ಡೋಸ್‌ಗೂ ಮಗುವಿನ ವಿತ್‌ಡ್ರಾವಲ್ ಎಷ್ಟು ಜೋರು ಅನ್ನುವುದಕ್ಕೂ ನೇರ ಸಂಬಂಧ ಅಧ್ಯಯನಗಳಲ್ಲಿ ಸ್ಪಷ್ಟವಾಗಿ ಸಿಕ್ಕಿಲ್ಲ. ಡೋಸ್ ಇಳಿಸಿದರೆ ತಾಯಿ ಒದ್ದಾಡುತ್ತಾಳೆ. ಮಗುವಿಗೆ ಲಾಭ ಆಗುತ್ತೆ ಅನ್ನುವ ಖಾತ್ರಿ ಇಲ್ಲ.

ಇನ್ನು ಸಂಪಿಗೆಯವರು ಬರೆದ ಬೆಳಗಿನ ಜಾವದ ಬೆವರು. ಬಸುರು ಬೆಳೆದಂತೆ ದೇಹದಲ್ಲಿ ನೀರಿನ ಅಂಶ ಜಾಸ್ತಿ ಆಗುತ್ತೆ, ಲಿವರ್ ಮೆಥಡೋನನ್ನು ಬೇಗ ಬೇಗ ಕರಗಿಸುತ್ತದೆ. ಮೊದಲು ಮಾರನೇ ದಿನದ ತನಕ ಬರುತ್ತಿದ್ದ ಡೋಸ್ ಈಗ ರಾತ್ರಿಯಲ್ಲೇ ಖಾಲಿ. ಅದಕ್ಕೇ ಬೆಳಗಿನ ಜಾವ ಆಕಳಿಕೆ, ನಿಮಿರಿದ ಕೂದಲು, ನಿಲ್ಲದ ಕಾಲು. ಇಂಥ ಹೊತ್ತಿನಲ್ಲಿ ಡೋಸ್ ಜಾಸ್ತಿ ಮಾಡಬೇಕಾಗಬಹುದು. ಅಥವಾ ಅದನ್ನೇ ಎರಡು ಹೊತ್ತಿಗೆ ಹಂಚಿ ಕೊಡುತ್ತಾರೆ. ಮನೆಯವರು ಕಡಿಮೆ ಮಾಡಿಸಲು ಹೊರಟಿದ್ದಾರೆ, ತಂಗಿಯ ದೇಹ ಜಾಸ್ತಿ ಕೇಳುತ್ತಿದೆ. ಇವತ್ತೇ ಕ್ಲಿನಿಕ್‌ಗೆ ಫೋನ್ ಮಾಡಿ.

ಸಂಪಿಗೆ
ಅಯ್ಯೋ, ಇದು ನಮಗೆ ಹೊಳೆದೇ ಇರಲಿಲ್ಲ. ಗುರುವಾರ ಡಾಕ್ಟರನ್ನು ನೋಡುವುದಿತ್ತು, ನಾಳೆಯೇ ಹೋಗುತ್ತೇವೆ. ಅವಳು ನನ್ನ ಪಕ್ಕದಲ್ಲೇ ಕೂತು ಎಲ್ಲ ಓದುತ್ತಿದ್ದಾಳೆ.

ಬಿದಿರುಮೆಳೆ
ಅಂದರೆ ಬ್ಯುಪ್ರೆನಾರ್ಫಿನ್‌ಗೆ ಬದಲಾಯಿಸಿದರೆ ಮುಗಿಯಿತಲ್ಲ? 24.9ರ ಬದಲು 14.4. ಇದರಲ್ಲಿ ಯೋಚನೆ ಮಾಡಲು ಏನಿದೆ?

ಔಷಧಿಡಬ್ಬಿ
ಅಷ್ಟು ಸುಲಭ ಅಲ್ಲ. ಬ್ಯುಪ್ರೆನಾರ್ಫಿನ್ ಮೆದುಳಿನಲ್ಲಿ ಒಪಿಯಾಯ್ಡ್ ಕೆಲಸ ಮಾಡುವ ಜಾಗಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ, ಅಲ್ಲಿರುವ ಮೆಥಡೋನನ್ನು ತಳ್ಳಿಹಾಕುತ್ತೆ. ಆದರೆ ಅದರ ಪ್ರಭಾವ ಅರ್ಧ ಮಾತ್ರ. ಮೆಥಡೋನ್ ಇನ್ನೂ ದೇಹದಲ್ಲಿ ಇರುವಾಗ ಕೊಟ್ಟರೆ ಒಮ್ಮೆಲೇ ಜೋರಾದ ವಿತ್‌ಡ್ರಾವಲ್ ಬಂದುಬಿಡಬಹುದು. 27ನೇ ವಾರದಲ್ಲಿ ಅದನ್ನು ಯಾರೂ ಬಯಸುವುದಿಲ್ಲ. ಮೆಥಡೋನ್‌ನಲ್ಲಿ ನೆಟ್ಟಗೆ ಇರುವವಳನ್ನು ಬಸುರಿನ ಮಧ್ಯೆ ಸುಮ್ನೆ ಬದಲಾಯಿಸುವುದಿಲ್ಲ.

ಲೆಕ್ಕಿಗ
ಅದರ ಜೊತೆಗೆ, ಆ 2022ರ ಅಧ್ಯಯನ ಚೀಟಿ ಎತ್ತಿ ಔಷಧಿ ಹಂಚಿದ್ದಲ್ಲ. ಯಾರಿಗೆ ಯಾವುದು ಅಂತ ಡಾಕ್ಟರು, ರೋಗಿ ನಿರ್ಧರಿಸಿದ್ದು. ಚಟ ತೀರಾ ಜೋರಿದ್ದವರು, ಬ್ಯುಪ್ರೆನಾರ್ಫಿನ್ ಸಾಲದೆ ಹೋದವರು ಮೆಥಡೋನ್ ಕಡೆ ಜಾಸ್ತಿ ಇರುವ ಸಾಧ್ಯತೆ ಇದೆ. ಅವರು ಲೆಕ್ಕದಲ್ಲಿ ಸರಿದೂಗಿಸಿದ್ದಾರೆ, ಆದರೂ ಪೂರ್ತಿ ಆಗುವುದಿಲ್ಲ.

ಚೀಟಿ ಎತ್ತಿದಂತೆ ಹಂಚಿ ನೋಡಿದ್ದು 2010ರ, ಮದರ್ ಅನ್ನುವ ಹೆಸರಿನ ಅಧ್ಯಯನ. ಅದರಲ್ಲಿ ದಿನ ತುಂಬದ ಹೆರಿಗೆಯಲ್ಲಿ ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ಮಕ್ಕಳಿಗೆ ಮಾತ್ರ ಲಾಭ ಕಂಡಿತು. ಬ್ಯುಪ್ರೆನಾರ್ಫಿನ್ ತಾಯಂದಿರ ಮಕ್ಕಳು ಸರಾಸರಿ 10 ದಿನ ಆಸ್ಪತ್ರೆಯಲ್ಲಿದ್ದವು, ಮೆಥಡೋನ್ ಕಡೆಯವು 17.5 ದಿನ. ಆದರೆ ಚಿಕಿತ್ಸೆ ಮಧ್ಯದಲ್ಲೇ ಬಿಟ್ಟವರು ಬ್ಯುಪ್ರೆನಾರ್ಫಿನ್ ಗುಂಪಿನಲ್ಲಿ 33%, ಮೆಥಡೋನ್ ಗುಂಪಿನಲ್ಲಿ 18%. ಬಿಟ್ಟುಹೋದವಳಿಗೆ ಯಾವ ಔಷಧಿಯಿಂದ ಏನು ಉಪಯೋಗ?

ಬಿದಿರುಮೆಳೆ
ಆದರೆ ಹೊಸದಾಗಿ ಶುರು ಮಾಡುವವಳಿಗೆ ಬ್ಯುಪ್ರೆನಾರ್ಫಿನ್ ಮೊದಲು ಯೋಚಿಸಬೇಕು ಅನ್ನುವ ವಾದ ನಿಲ್ಲುತ್ತೆ ಅಲ್ವಾ? ಎಲ್ಲರಿಗೂ "ಯಾವುದಾದರೂ ಸರಿ" ಅಂದರೆ ಆ 10 ಅಂಶದ ವ್ಯತ್ಯಾಸಕ್ಕೆ ಬೆಲೆಯೇ ಇಲ್ಲದಂತೆ ಆಗುತ್ತೆ.

ಲೆಕ್ಕಿಗ
ನಿಲ್ಲುತ್ತೆ. ಹೊಸದಾಗಿ ಶುರು ಮಾಡುವವಳಿಗೆ ಡಾಕ್ಟರು ಈ ಸಂಖ್ಯೆಗಳನ್ನು ಮುಂದೆ ಇಟ್ಟು ಮಾತಾಡಬೇಕು. ಈಗಾಗಲೇ ಮೆಥಡೋನ್‌ನಲ್ಲಿ ಗಟ್ಟಿಯಾಗಿ ನಿಂತವಳ ವಿಷಯ ಬೇರೆ.

ಪುಟ್ಟಿಯಅಮ್ಮ
ಮೆಥಡೋನ್‌ಗೆ ದಿನಾ ಹೋಗಿ ಅವರ ಎದುರೇ ಕುಡಿಯಬೇಕು ಅಂತ ಕೆಲವರು ಬೇಸರಪಡುತ್ತಾರೆ. ನನ್ನ ಗೆಳತಿಗೆ ಅದೇ ಹಿಡಿಸಿತು. ದಿನಾ ಒಬ್ಬರು ಮುಖ ನೋಡಿ ಹೇಗಿದ್ದೀಯ ಅಂತ ಕೇಳುತ್ತಾರೆ ಅಂತಿದ್ದಳು. ಯಾರಿಗೆ ಯಾವುದು ಒಗ್ಗುತ್ತೆ ಅನ್ನುವುದೂ ಮುಖ್ಯ.

ಅಲೆಮಾರಿ
ವಿಷಯ ಸ್ವಲ್ಪ ಬೇರೆ ಕಡೆ ಹೋಗುತ್ತೆ, ಕ್ಷಮಿಸಿ. ಇಂಥ ತಾಯಂದಿರನ್ನು ಜೈಲಿಗೆ ಹಾಕುವ ಕಾನೂನು ಅಮೆರಿಕದಲ್ಲಿ ಇದೆಯಂತೆ, ನಿಜವಾ?

ಲೆಕ್ಕಿಗ
ಟೆನೆಸ್ಸಿ ರಾಜ್ಯ 2014ರಲ್ಲಿ ಅಂಥದ್ದೊಂದು ತಂದಿತ್ತು. ಮಾದಕ ವಸ್ತುವಿನಿಂದ ಮಗುವಿಗೆ ತೊಂದರೆ ಆದರೆ ತಾಯಿಯ ಮೇಲೆ ಕೇಸು. 2016ರಲ್ಲಿ ಅದರ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಹೆದರಿದ ಹೆಂಗಸು ತಪಾಸಣೆಗೇ ಬರುವುದಿಲ್ಲ ಅಂತ ವೈದ್ಯರ ಸಂಘಗಳು ಮೊದಲಿಂದಲೂ ವಿರೋಧಿಸಿದ್ದವು.

ಹೆರಿಗೆವಾರ್ಡ್
ಹೆದರಿಸಲು ಕಾನೂನೇ ಬೇಕಾಗಿಲ್ಲ. ಒಂದು ಮಾತು ಸಾಕು. ಹಿಂದೆ ನಾನು ಕೆಲಸ ಮಾಡಿದ ಒಂದು ಕಡೆ, ಚಿಕಿತ್ಸೆಯಲ್ಲಿದ್ದ ಬಸುರಿಯೊಬ್ಬಳು ಫೈಲ್ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದಳು. ಕೌಂಟರ್‌ನಲ್ಲಿದ್ದವರು ಎಲ್ಲರಿಗೂ ಕೇಳುವ ಹಾಗೆ "ನೀನು ಆ ಔಷಧಿಯವಳಾ?" ಅಂದರು. ಅವಳು ಫೈಲನ್ನು ಸೆರಗಿನ ಒಳಗೆ ಇಟ್ಟುಕೊಂಡು ವಾಪಸ್ ಹೊರಟುಹೋದಳು. ಮತ್ತೆ ಬಂದಿದ್ದು ನೀರು ಒಡೆದ ಮೇಲೆ, 31ನೇ ವಾರದಲ್ಲಿ. ನಡುವೆ ಒಂದು ಸ್ಕ್ಯಾನ್ ಇಲ್ಲ, ರಕ್ತ ಪರೀಕ್ಷೆ ಇಲ್ಲ. ಮೂತ್ರದ ಸೋಂಕು ಇತ್ತು, ಯಾರೂ ನೋಡಿರಲಿಲ್ಲ. ಅದೂ ಬೇಗ ಹೆರಿಗೆಗೆ ಒಂದು ಕಾರಣ. ಔಷಧಿಯನ್ನು ಮಾತ್ರ ದೂರುತ್ತಾ ಕೂತರೆ ಇಂಥದ್ದೆಲ್ಲ ಕಣ್ಣಿಗೆ ಬೀಳುವುದೇ ಇಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ನೇರಮಾತು
ಹಾಗಾದರೆ ಮನೆಯವರು ಮಾಡಬಹುದಾದ್ದು ಏನು? "ಔಷಧಿ ಬಿಡಬೇಡ" ಅನ್ನುವುದನ್ನು ಬಿಟ್ಟು. ಸಂಪಿಗೆಯವರ ಮನೆಯಲ್ಲಿ ಎಲ್ಲರೂ ಏನಾದರೂ ಮಾಡಬೇಕು ಅಂತ ಒದ್ದಾಡುತ್ತಿದ್ದಾರೆ ಅಲ್ವಾ.

ಹೆರಿಗೆವಾರ್ಡ್
ಒಳ್ಳೆ ಪ್ರಶ್ನೆ. ಮೊದಲು ಸಿಗರೇಟು. ತಂಗಿ ಸೇದುತ್ತಿದ್ದರೆ ಬಿಡಲು ಸಹಾಯ ಮಾಡಿ, ಮನೆಯಲ್ಲಿ ಬೇರೆಯವರು ಸೇದುತ್ತಿದ್ದರೆ ಅವರೂ ಬಿಡಲಿ. ದಿನ ತುಂಬದ ಹೆರಿಗೆ, ಕಡಿಮೆ ತೂಕದ ಮಗು ಎರಡಕ್ಕೂ ಅದು ಕಾರಣ. "ಮೆಥಡೋನ್ ಬಿಡು" ಅಂತ ಹಾಕುವ ಒತ್ತಾಯದ ಕಾಲುಭಾಗ ಇಲ್ಲಿ ಹಾಕಿದರೆ ಲಾಭ ಜಾಸ್ತಿ.

ಆಮೇಲೆ, ಬೇಗ ಹೆರಿಗೆಯ ಲಕ್ಷಣ ಎಲ್ಲರಿಗೂ ಗೊತ್ತಿರಲಿ. ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯುವುದು, ಸೊಂಟದಲ್ಲಿ ಮಂದವಾದ ನೋವು ಬಂದು ಹೋಗುವುದು, ಕೆಳಗೆ ಒತ್ತಿದ ಹಾಗೆ ಆಗುವುದು, ನೀರು ಅಥವಾ ರಕ್ತ ಹೋಗುವುದು. ಇದರಲ್ಲಿ ಯಾವುದು ಕಂಡರೂ ಕಾಯಬೇಡಿ. ಸಮಯಕ್ಕೆ ಬಂದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಲು ಅವಕಾಶ ಇರುತ್ತೆ, ಸಾಮಾನ್ಯವಾಗಿ 34 ವಾರದ ಒಳಗೆ. ಹೆರಿಗೆಗೆ ಒಂದು ದಿನ ಮುಂಚೆ ಸಿಕ್ಕರೂ ಮಗುವಿಗೆ ದೊಡ್ಡ ಬಲ. ತೊಂದರೆ ಏನೆಂದರೆ ವಿತ್‌ಡ್ರಾವಲ್‌ನಲ್ಲೂ ಹೊಟ್ಟೆ ಹಿಂಡುತ್ತೆ. ಅದೇ ಇರಬೇಕು ಅಂತ ಮನೆಯಲ್ಲೇ ಕೂರಬೇಡಿ. ಯಾವುದು ಅಂತ ನಾವು ನೋಡುತ್ತೇವೆ.

ಮಂಜುಹನಿ
ಇದನ್ನು ಬರೆದಿಟ್ಟುಕೊಳ್ಳಬೇಕು.

ಸಂಪಿಗೆ
ಹೋಗಿ ಬಂದೆವು. ಔಷಧಿಡಬ್ಬಿಯವರು ಹೇಳಿದ್ದೇ ಆಯಿತು. ಡಾಕ್ಟರು ಅವಳ ಕಣ್ಣು ನೋಡಿದರು, ಕೈ ಚಾಚಲು ಹೇಳಿ ನಡುಕ ನೋಡಿದರು, ಎಷ್ಟು ಹೊತ್ತಿಗೆ ಬೆವರು ಶುರು ಅಂತ ಕೇಳಿದರು. ಡೋಸ್ ಸ್ವಲ್ಪ ಜಾಸ್ತಿ ಮಾಡಿ ಬೆಳಗ್ಗೆ, ಸಂಜೆ ಅಂತ ಹಂಚಿದ್ದಾರೆ. ಗರ್ಭಕಂಠದ ಉದ್ದ ಸ್ಕ್ಯಾನ್‌ನಲ್ಲಿ ಸರಿ ಇದೆ. ಮಗು ವಾರಕ್ಕೆ ತಕ್ಕ ಹಾಗೆ ಬೆಳೆದಿದೆ. ನಿಲ್ಲಿಸು ಅಂತಿದ್ದವರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ ಬಾಯಿಂದಲೇ ಕೇಳಿದರು. ದಾರಿಯಲ್ಲಿ ಮಾತಾಡಲಿಲ್ಲ. ಸಂಜೆ ಡೋಸ್ ಹೊತ್ತಿಗೆ ಮಾತ್ರ ಅವರೇ ಅವಳನ್ನು ಕೂಗಿ ನೆನಪಿಸಿದರು.

ಈಗ ಅವಳಿಗೆ ಇನ್ನೊಂದು ಚಿಂತೆ. ಮಗುವಿಗೆ ಹುಟ್ಟಿದ ಮೇಲೆ ವಿತ್‌ಡ್ರಾವಲ್ ಬಂದರೆ? ನನ್ನಿಂದ ಕಿತ್ತುಕೊಂಡು ಹೋಗುತ್ತಾರಾ ಅಂತ ಕೇಳುತ್ತಾಳೆ.

ಪುಟ್ಟಿಯಅಮ್ಮ
ನನ್ನ ಮಗಳಿಗೆ ಬಂದಿತ್ತು. ಎರಡನೇ ದಿನ ಶುರುವಾಯಿತು. ಕೀರಲು ಅಳು, ಕೈ ನಡುಕ, ಮೇಲಿಂದ ಮೇಲೆ ಸೀನು. ಹಾಲು ಕುಡಿಯುತ್ತಾ ಕುಡಿಯುತ್ತಾ ಬಿಟ್ಟು ಅಳುತ್ತಿದ್ದಳು. ನೋಡಲು ಕಷ್ಟ. ಆದರೆ ಎದೆಗೆ ಅವಚಿಕೊಂಡು ಕತ್ತಲೆ ಕೋಣೆಯಲ್ಲಿ ಕೂತರೆ ಸಮಾಧಾನ ಆಗುತ್ತಿದ್ದಳು. ಅವಳಿಗೆ ಮಾರ್ಫಿನ್ ಕೊಡಬೇಕಾಗಲಿಲ್ಲ.

ಹೆರಿಗೆವಾರ್ಡ್
ಈಗ ಹಲವು ಕಡೆ ಅದೇ ಪದ್ಧತಿ. ಮಗು ಹಾಲು ಕುಡಿಯುತ್ತಾ, ನಿದ್ದೆ ಮಾಡುತ್ತಾ, ಎತ್ತಿಕೊಂಡರೆ ಸಮಾಧಾನ ಆಗುತ್ತಾ ಅಂತ ನೋಡುವುದು. 2023ರಲ್ಲಿ ಅಮೆರಿಕದ 26 ಆಸ್ಪತ್ರೆಗಳಲ್ಲಿ ಇದನ್ನು ಮಗುವಿನ ಲಕ್ಷಣಗಳಿಗೆ ಅಂಕ ಹಾಕುವ ಹಳೇ ಪದ್ಧತಿಯ ಜೊತೆ ಹೋಲಿಸಿದರು. ಹಳೇ ಪದ್ಧತಿಯಲ್ಲಿ 52% ಮಕ್ಕಳಿಗೆ ಔಷಧಿ ಬೇಕಾಯಿತು, ಇದರಲ್ಲಿ 19.5%. ಮನೆಗೆ ಹೋಗಲು ತಯಾರಾಗುವ ಸಮಯ ಸುಮಾರು 15 ದಿನದಿಂದ 8ಕ್ಕೆ ಇಳಿಯಿತು. ಇದರಲ್ಲಿ ಮಗುವಿಗೆ ಮೊದಲ ಔಷಧಿ ತಾಯಿಯೇ. ಕಿತ್ತುಕೊಂಡು ಹೋಗುವುದಕ್ಕೆ ಇದು ಪೂರ್ತಿ ಉಲ್ಟಾ, ತಂಗಿಗೆ ಹಾಗಂತ ಹೇಳಿ. ಹುಟ್ಟಿದ ಮೇಲೆ ಕೆಲವು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡುತ್ತಾರೆ, ಅದಕ್ಕೆ ಹೆದರಬೇಡಿ. ಒಂದು ವಿಷಯ, ದಿನ ತುಂಬದ ಮಕ್ಕಳಲ್ಲಿ ಲಕ್ಷಣ ಕಡಿಮೆ ಕಾಣಬಹುದು. ಅವಕ್ಕೆ ಉಸಿರಾಟ, ತೂಕದ ಕಡೆ ಗಮನ ಬೇರೆ.

ಔಷಧಿಡಬ್ಬಿ
ಹೆರಿಗೆಗೆ ಮೊದಲೇ ಒಂದು ಚೀಟಿ ಬರೆದು ಫೈಲ್‌ಗೆ ಅಂಟಿಸಿ. ಮೆಥಡೋನ್ ಡೋಸ್ ಎಷ್ಟು, ಎಷ್ಟು ಹೊತ್ತಿಗೆ. ಹೆರಿಗೆ ದಿನವೂ ಅದು ತಪ್ಪಬಾರದು. ಪೆಂಟಜೋಸಿನ್, ಬ್ಯುಟೊರ್ಫನಾಲ್, ನಾಲ್ಬುಫಿನ್, ಈ ನೋವಿನ ಇಂಜೆಕ್ಷನ್‌ಗಳನ್ನು ಕೊಡಬಾರದು ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಕೊಟ್ಟರೆ ಹೆರಿಗೆ ಮಧ್ಯದಲ್ಲೇ ವಿತ್‌ಡ್ರಾವಲ್ ಬರುತ್ತೆ. ಎಪಿಡ್ಯೂರಲ್ (ನೋವು ಕಾಣದಂತೆ ಬೆನ್ನಿಗೆ ಕೊಡುವ ಇಂಜೆಕ್ಷನ್) ತಗೊಳ್ಳಬಹುದು. ಮೆಥಡೋನ್ ಇದೆ ಅಂತ ನೋವಿನ ಔಷಧಿ ಬೇಡ ಅನ್ನುವವರು ಇದ್ದಾರೆ. ದಿನದ ಡೋಸ್ ಹೆರಿಗೆ ನೋವಿಗೆ ಸಾಲುವುದಿಲ್ಲ. ಅರಿವಳಿಕೆ ಡಾಕ್ಟರನ್ನು 34ನೇ ವಾರದ ಹೊತ್ತಿಗೇ ಒಮ್ಮೆ ನೋಡಿಬಿಡಿ. ಬೇಗ ಹೆರಿಗೆಯಾದರೆ ಆಗ ಹುಡುಕಲು ಸಮಯ ಇರುವುದಿಲ್ಲ.

ಬಿದಿರುಮೆಳೆ
ಹೆರಿಗೆ ಆದಮೇಲೆ ಬಿಡಬಹುದಾ? ಆಗ ಮಗು ಹೊರಗೆ ಬಂದಿರುತ್ತಲ್ಲ.

ಪುಟ್ಟಿಯಅಮ್ಮ
ಆಗಲೂ ಬೇಡ. ನಿದ್ದೆ ಇಲ್ಲ, ಮೈಯಲ್ಲಿ ಶಕ್ತಿ ಇಲ್ಲ, ಎಲ್ಲರೂ ಮಗು ನೋಡಲು ಬರುತ್ತಾರೆ, ನಮ್ಮನ್ನು ಕೇಳುವವರು ಇರುವುದಿಲ್ಲ. ನನಗೆ ಆಸೆ ಜೋರಾಗಿ ಬಂದಿದ್ದು ಆಗಲೇ.

ಲೆಕ್ಕಿಗ
ಅಮೆರಿಕದ ಮ್ಯಾಸಚೂಸೆಟ್ಸ್‌ನ ದಾಖಲೆಗಳನ್ನು ನೋಡಿದ ಅಧ್ಯಯನ 2018ರಲ್ಲಿ ಬಂತು. ಚಟ ಇದ್ದ ತಾಯಂದಿರಲ್ಲಿ ಓವರ್‌ಡೋಸ್ ಅತಿ ಕಡಿಮೆ ಇದ್ದದ್ದು ಬಸುರಿನ ಕೊನೆಯ ಮೂರು ತಿಂಗಳಲ್ಲಿ. ಅತಿ ಜಾಸ್ತಿ ಇದ್ದದ್ದು ಹೆರಿಗೆಯಾಗಿ 7ರಿಂದ 12 ತಿಂಗಳ ಹೊತ್ತಿಗೆ. ಎಲ್ಲರ ಗಮನ ಅವಳ ಮೇಲಿಂದ ಸರಿದ ಮೇಲೆ.

ನೇರಮಾತು
ಅಂದರೆ ಮನೆಯವರ ಪಾಳಿ ಹೆರಿಗೆಗೆ ಮುಗಿಯುವುದಿಲ್ಲ. ಸಂಪಿಗೆಯವರೇ, ಮಗುವಿಗೆ ವರ್ಷ ತುಂಬುವ ತನಕ ತಂಗಿ ಜೊತೆ ಕ್ಲಿನಿಕ್‌ಗೆ ಯಾರಾದರೂ ಒಬ್ಬರು ಹೋಗಿ ಬರುವ ಹಾಗೆ ಈಗಲೇ ಹಂಚಿಕೊಳ್ಳಿ.

ಸಂಪಿಗೆ
ಖಂಡಿತ. ಅವಳ ಕೊನೆ ಪ್ರಶ್ನೆ: ಎದೆಹಾಲು ಕೊಡಬಹುದಾ? ಅವಳಿಗೆ ಹೆಪಟೈಟಿಸ್ ಸಿ ಕೂಡ ಇದೆ.

ಹೆರಿಗೆವಾರ್ಡ್
ಕೊಡಬಹುದು. ಮೆಥಡೋನ್ ಹಾಲಿಗೆ ಬರುವುದು ತೀರಾ ಕಡಿಮೆ. ಹಾಲು ಕುಡಿಯುವ ಮಕ್ಕಳಲ್ಲಿ ವಿತ್‌ಡ್ರಾವಲ್ ಸೌಮ್ಯ ಆಗುವುದನ್ನೇ ನೋಡಿದ್ದೇವೆ. ಹೆಪಟೈಟಿಸ್ ಸಿ ಇದ್ದರೂ ಅಡ್ಡಿಯಿಲ್ಲ. ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾತ್ರ ವಾಸಿಯಾಗುವ ತನಕ ಆ ಹಾಲು ಹಿಂಡಿ ಚೆಲ್ಲಿ. ಎಚ್‌ಐವಿ ಪರೀಕ್ಷೆ ಆಗಿದೆಯಾ ನೋಡಿ, ಅದಿದ್ದರೆ ಡಾಕ್ಟರ ಜೊತೆ ಬೇರೆಯಾಗಿ ಮಾತಾಡಬೇಕು.

ಸಂಪಿಗೆ
ಆಗಿದೆ, ಇಲ್ಲ ಅಂತ ಬಂದಿದೆ. ಮುಂದಿನ ಸ್ಕ್ಯಾನ್ 30ನೇ ವಾರಕ್ಕೆ. ಔಷಧಿಡಬ್ಬಿಯವರು ಹೇಳಿದ ಚೀಟಿಯನ್ನು ಈಗ ಕೂತು ಬರೆಯುತ್ತಿದ್ದೇವೆ. ನಾಲ್ಬುಫಿನ್ ಅನ್ನುವುದನ್ನು ಅವಳು ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ.

ಔಷಧಿಡಬ್ಬಿ
ಒಳ್ಳೇದು. ಅದರ ಕೆಳಗೆ ಕ್ಲಿನಿಕ್‌ನ ಫೋನ್ ನಂಬರೂ ಹಾಕಿ. ವಾಂತಿಗೆ ಒಂಡಾನ್ಸೆಟ್ರಾನ್ ಕೊಡಲು ಬಂದರೆ ಮೆಥಡೋನ್ ಇದೆ ಅಂತ ಹೇಳಿ, ಎರಡೂ ಹೃದಯದ ಲಯದ ಮೇಲೆ ಕೆಲಸ ಮಾಡುತ್ತವೆ. ಅವರು ಇಸಿಜಿ ನೋಡಿ ಮುಂದುವರಿಯುತ್ತಾರೆ.